ಓಪಿಯಾಯ್ಡ್ ಚಟ: ಔಷಧಿ ಮೂರು, ವಿಮೆಯ ಗಂಟು ಒಂದು

ವಿಜಯಪುರದಲ್ಲಿ ಬಿ.ಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಓಪಿಯಾಯ್ಡ್ (ಅಫೀಮು, ಹೆರಾಯಿನ್ ಥರದ ನಶೆ ವಸ್ತು, ಕೆಲವು ನೋವಿನ ಗುಳಿಗೆ) ಚಟದ ಪಾಠದಲ್ಲಿ ಎರಡು ದಿನ ಒಂದೇ ಕಡೆ ಸಿಕ್ಕಿಬಿದ್ದಿದ್ದೆ. ಮರೆಯೋಕೆ ಮುಂಚೆ ಬರೆದಿಡುತ್ತೇನೆ.

ಮೊದಲು ಈ ಚಟಕ್ಕೆ ಕೊಡುವ ಮೂರು ಔಷಧಿ. ಹೆರಾಯಿನ್, ನೋವಿನ ಗುಳಿಗೆ ಟ್ರಾಮಡಾಲ್ ಮಿದುಳಲ್ಲಿ ಕೂರುವ ಜಾಗದಲ್ಲೇ ಮೆಥಡೋನ್ ಕೂತು ಪೂರ್ತಿ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ. ಬುಪ್ರೆನಾರ್ಫಿನ್ ಅರ್ಧ ಕೆಲಸ ಮಾಡುತ್ತದೆ. ನಾಲ್ಟ್ರೆಕ್ಸೋನ್ ಆ ಜಾಗಕ್ಕೆ ಬೀಗವನ್ನೇ ಹಾಕುತ್ತದೆ. ಅದಕ್ಕೇ ಅದನ್ನು ಕೊಡುವ ಮೊದಲು 7ರಿಂದ 10 ದಿನ ನಶೆ ಬಿಟ್ಟಿರಬೇಕು. ಬುಪ್ರೆನಾರ್ಫಿನ್ ಗುಳಿಗೆ ನಾಲಿಗೆ ಕೆಳಗೇ ಕರಗಬೇಕು. ನುಂಗಿದರೆ ಲಿವರ್‌ನಲ್ಲೇ ಬಹುಪಾಲು ಕಳೆದುಹೋಗುತ್ತದೆ. ನಶೆ ಬಿಟ್ಟಾಗ ಬರುವ ಆಕಳಿಕೆ, ಮೂಗು ಸೋರುವುದು, ಮೈಕೈ ನೋವು ಶುರುವಾದ ಮೇಲೆಯೇ ಮೊದಲ ಗುಳಿಗೆ. ಅವಸರ ಮಾಡಿದರೆ ಆ ಸಂಕಟವೆಲ್ಲ ಒಮ್ಮೆಲೇ ಮೈಮೇಲೆ ಬರುತ್ತದೆ.

ಈಗ ನನ್ನನ್ನು ಸತಾಯಿಸಿದ ವಿಮೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 2ರಲ್ಲಿ ಮಾನಸಿಕ ಕಾಯಿಲೆ ಅಂದರೇನು ಅಂತಿದೆ. ಮದ್ಯ, ಮಾದಕವಸ್ತುವಿನಿಂದ ಬರುವ ಮಾನಸಿಕ ತೊಂದರೆಯೂ ಅದರಲ್ಲಿ ಸೇರಿದೆ. ಕಲಂ 21(4) ಪ್ರಕಾರ ಮೈಕಾಯಿಲೆಗೆ ಇರುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು. ಎರಡನ್ನೂ ಕೂಡಿಸಿದರೆ ಚಟದ ಚಿಕಿತ್ಸೆಗೂ ವಿಮೆ ಉಂಟು, ಅಲ್ವಾ? ನಾನೂ ಹಾಗೇ ಬರೆದುಕೊಂಡಿದ್ದೆ.

ರಾತ್ರಿ ಅಪ್ಪಾಜಿಯ ಪಾಲಿಸಿ ಪುಸ್ತಕ ತೆಗೆದು, ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯನ್ನು ಬೆರಳಿಟ್ಟು ಓದಿದೆ. ಸಂಖ್ಯೆ 12: ಕುಡಿತ, ಮಾದಕವಸ್ತು ಅಥವಾ ಯಾವುದೇ ಚಟದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು. ಬೆರಳು ಅಲ್ಲೇ ನಿಂತಿತು. ಮತ್ತೆ ಮತ್ತೆ ಓದಿದೆ.

ಗಂಟು ಬಿಚ್ಚಿದ್ದು ಹೀಗೆ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಒಂದು ಮಾರ್ಗಸೂಚಿ ತಂದಿತು. ಮಾನಸಿಕ ಕಾಯಿಲೆಯನ್ನು ಪಾಲಿಸಿಯಿಂದ ಹೊರಗಿಡಬಾರದು ಅಂತ ಅದರಲ್ಲಿತ್ತು. ಚಟವನ್ನು ಹೊರಗಿಡುವುದಾದರೆ ಯಾವ ಮಾತಿನಲ್ಲಿ ಬರೆಯಬೇಕು ಅನ್ನುವುದೂ ಅದರಲ್ಲೇ ಇತ್ತು. ಆ ಮಾತೇ ಸಂಖ್ಯೆ 12. ಅಂದರೆ ಕಾಯ್ದೆ ಚಟವನ್ನು ಮಾನಸಿಕ ಕಾಯಿಲೆ ಅಂತ ಎಣಿಸುತ್ತದೆ, ಪಾಲಿಸಿ ಅದನ್ನು ಬೇರೆ ಪೆಟ್ಟಿಗೆಗೆ ಹಾಕುತ್ತದೆ. ಖಿನ್ನತೆಗೆ ಆಸ್ಪತ್ರೆ ಸೇರಿದವರಿಗೆ ದುಡ್ಡು ಸಿಗಬಹುದು. ಪಕ್ಕದ ಹಾಸಿಗೆಯಲ್ಲಿ ಹೆರಾಯಿನ್ ಬಿಡಲು ಒದ್ದಾಡುವವನಿಗೆ 12 ತೋರಿಸಿ ಇಲ್ಲ ಅನ್ನಬಹುದು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಚಟವೂ ಕಾಯಿಲೆಯೇ.

ನನ್ನ ಸುಲಭದ ದಾರಿ ಇದು: ಯಾವ ಪಾಲಿಸಿ ಕೈಗೆ ಬಂದರೂ ಮೊದಲು 12 ಹುಡುಕಿ, ಆಮೇಲೆ ಒಪಿಡಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ) ಹುಡುಕಿ. ಬುಪ್ರೆನಾರ್ಫಿನ್ ಚಿಕಿತ್ಸೆ ಬಹುಪಾಲು ಒಪಿಡಿಯಲ್ಲೇ, ತಿಂಗಳುಗಟ್ಟಲೆ ನಡೆಯುತ್ತದೆ. ಸಾಮಾನ್ಯ ಪಾಲಿಸಿ 24 ಗಂಟೆ ದಾಖಲಾತಿ ಕೇಳುತ್ತದೆ. ಹಾಗಾಗಿ 12 ಇಲ್ಲದಿದ್ದರೂ ದುಡ್ಡು ಸಿಗದೇ ಹೋಗಬಹುದು.

ವಿಮೆ ಇಲ್ಲದವರಿಗೆ ಅದೇ ಕಾಯ್ದೆಯ ಕಲಂ 18 ಇದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತ. ನಮ್ಮ ಕಡೆಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಹೊರಡುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.