ಸಳನಿಗೆ ರೆಡ್ ಕಾರ್ಡ್

ಬೇಲೂರು ಗುಡಿಯ ಬಾಗಿಲ ಪಕ್ಕದಲ್ಲಿ ಮೃಗವನ್ನು ಇರಿಯುತ್ತಿರುವ ಸಳನನ್ನು ಹಾಸನದವರಿಗೆ ನಾನು ಪರಿಚಯಿಸಬೇಕಿಲ್ಲ. ನಾನು ಮಾಡಿದ ಡಿಜಿಟಲ್ ಚಿತ್ರವೊಂದರಲ್ಲಿ ಅವನೂ ಆ ಮೃಗವೂ (ಹುಲಿಯೋ ಸಿಂಹವೋ, ಆ ಜಗಳ ಇತಿಹಾಸದವರಿಗಿರಲಿ) ಫುಟ್‌ಬಾಲ್ ಮೈದಾನದ ಪೆನಾಲ್ಟಿ ಬಾಕ್ಸಿನೊಳಗಿದ್ದಾರೆ. ಮೃಗ ಮೊಣಕಾಲು ಹಿಡಿದುಕೊಂಡು ನೇಮಾರ್ ಥರ ಹೊರಳಾಡುತ್ತಿದೆ. ರೆಫ್ರಿ ಸಳನ ಮುಖಕ್ಕೆ ರೆಡ್ ಕಾರ್ಡ್ ಹಿಡಿದಿದ್ದಾನೆ.

ವಾಟ್ಸಾಪಿನಲ್ಲಿ ಅದು ಚೆನ್ನಾಗಿ ಓಡಿತು. ಗಂಭೀರ ಕಲಾಸಕ್ತರಿಂದ ಮಾತ್ರ 'ತಮಾಷೆಯಾಗಿದೆ, ಆದರೆ ಇದನ್ನು ಕಲೆ ಅನ್ನಬಹುದಾ?' ಎಂಬ ಮಾತು ಬಂತು. ಅದೇ ಗುಡಿಯಲ್ಲಿ ಕೋತಿ ಸೀರೆ ಎಳೆಯುತ್ತಿರುವ ಮದನಿಕೆ ಇದ್ದಾಳೆ. ನೋಡಿದವರು ನಗಲಿ ಅಂತಲೇ ಕೆತ್ತಿರಬೇಕು. 2023ರಲ್ಲಿ ಗುಡಿ ಯುನೆಸ್ಕೊ ಪಟ್ಟಿ ಸೇರಿದಾಗ ಕೋತಿಯೂ ಜೊತೆಗೇ ಹೋಯಿತು.

ಹಾಗಂತ ಫುಟ್‌ಬಾಲ್ ಕಂಡರೇ ಕಲಾಲೋಕಕ್ಕೆ ಆಗದು ಎನ್ನಲಾಗದು. ಪಂದ್ಯ ನೋಡಲು ಹೊರಟ ಜನರನ್ನು ಇಂಗ್ಲೆಂಡಿನ ಕಲಾವಿದ ಲೌರಿ 1953ರಲ್ಲಿ ಬಿಡಿಸಿದ ತೈಲಚಿತ್ರ 2022ರಲ್ಲಿ ಸುಮಾರು 78 ಲಕ್ಷ ಪೌಂಡಿಗೆ ಹರಾಜಾಯಿತು. 2006ರ ವಿಶ್ವಕಪ್ ಫೈನಲಿನಲ್ಲಿ ಫ್ರಾನ್ಸಿನ ಜಿದಾನ್ ಇಟಲಿಯ ಮಾತೆರಾಜಿಯ ಎದೆಗೆ ತಲೆಯಿಂದ ಗುದ್ದಿದ್ದನ್ನು ಕಲಾವಿದ ಅಬ್ದೆಸ್ಸೆಮೆದ್ ಕಂಚಿನಲ್ಲಿ ಎರಕ ಹೊಯ್ಯಿಸಿದ. ಐದು ಮೀಟರಿಗೂ ಎತ್ತರದ ಅದು 2012ರಲ್ಲಿ ಪ್ಯಾರಿಸ್ಸಿನ ಪಾಂಪಿದು ಕಲಾಕೇಂದ್ರದ ಮುಂದೆ ನಿಂತಿತು. ಅದೇ 2022ರ ವಿಶ್ವಕಪ್ ಹೊತ್ತಿಗೆ ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನವರು ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಕಟ್‌ಔಟ್ ನಿಲ್ಲಿಸಿದರು. ಮೆಸ್ಸಿಯದೇ 30 ಅಡಿ. ಅದನ್ನು ನಾವು ಅಭಿಮಾನ ಅಂದೆವು, ಹುಚ್ಚು ಅಂದೆವು, ಕಲೆ ಅನ್ನಲಿಲ್ಲ. ಕಂಚಿಗೆ ಸಿಗುವ ಮರ್ಯಾದೆ ಪ್ಲೈವುಡ್ಡಿಗೂ ಫ್ಲೆಕ್ಸಿಗೂ ಇಲ್ಲ. ನಗಿಸಿಬಿಟ್ಟರಂತೂ ಇದ್ದದ್ದೂ ಹೋಯಿತು.

ಈ ತಾರತಮ್ಯ ಯಾಕೆ ಅಂತ ಚಿತ್ರದಲ್ಲೇ ಕೇಳುವುದು ಹೇಗೆ? ವಿಡಿಯೊ ರೆಫ್ರಿ, ಅಂದರೆ ವಿಎಆರ್, ಆಫ್‌ಸೈಡ್ ನೋಡುವಾಗ (ಆಟಗಾರ ಎದುರಾಳಿಗಿಂತ ಮುಂದಿದ್ದನೋ ಎಂದು ಗೆರೆ ಎಳೆದು ಅಳೆಯುವಾಗ) ಟಿವಿಯಲ್ಲಿ ಕಾಣುವ ದೃಶ್ಯವನ್ನೇ ಮತ್ತೆ ಬಿಡಿಸಿಕೊಂಡು ಆಟಗಾರರನ್ನೆಲ್ಲ ಅಳಿಸಿದೆ. ಉಳಿದದ್ದು ಹಸಿರು ಹಿನ್ನೆಲೆ, ಒಂದು ಕೆಂಪು ಗೆರೆ, ಒಂದು ನೀಲಿ ಗೆರೆ, ಗೆರೆ ದಾಟಿದ ಬೂಟಿನ ತುದಿ. ಸುತ್ತ ಧಾರಾಳವಾಗಿ ಬಿಳಿ ಜಾಗ, ತೆಳು ಕಪ್ಪು ಫ್ರೇಮು, ಪಕ್ಕಕ್ಕೊಂದು ಚೀಟಿ: 'ಗಡಿ ಮತ್ತು ಗೈರುಹಾಜರಿಯ ನಡುವಿನ ಮೌನ ಸಂವಾದ.' ತಿಳಿದವರು ಕೈಕಟ್ಟಿ ನಿಂತು ವರ್ಣಸಂಯೋಜನೆ ಮೆಚ್ಚಿದರು. ಜೆರ್ಸಿ ಹಾಕಿದ ಹುಡುಗನೊಬ್ಬ ಬಂದು, 'ಸರ್, ಇದು ಆಫ್‌ಸೈಡ್ ಚೆಕ್ಕಲ್ವಾ?' ಅಂದ.

ಕೆಲಸದ ಗುಟ್ಟಿರುವುದು ಚೀಟಿಯಲ್ಲಿ. ಅದರ ಭಾಷೆ ಅತಿಯಾದರೆ ಅಣಕ ಅಂತ ಕೂಡಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಕ್ಯಾಟಲಾಗುಗಳಲ್ಲಿ ನಿಜಕ್ಕೂ ಬರುವಂಥ ಪದಗಳನ್ನೇ ತರಬೇಕು, ವಾಕ್ಯ ಒಂದು ಸಾಕು. ಚಿತ್ರದೊಳಗೆ ಮಾತ್ರ ತಪ್ಪಿರಬಾರದು. ಗೆರೆಯ ಕೋನ ಸ್ವಲ್ಪ ಓರೆಯಾದರೂ ಆ ಹುಡುಗ ಗುರುತಿಸುತ್ತಿರಲಿಲ್ಲ, ಗುರುತಿಸದಿದ್ದರೆ ಇಡೀ ನಗು ಬಿದ್ದುಹೋಗುತ್ತಿತ್ತು. ಇಲ್ಲಿ ಜಾಣನಾಗಿ ಕಾಣಬೇಕಾದವನು ಅವನು.

ಆದರೆ ಅಣಕವನ್ನೂ ಕೊಂಡುಕೊಳ್ಳುವುದು ಈ ಮಾರುಕಟ್ಟೆಗೆ ಗೊತ್ತು. 2019ರಲ್ಲಿ ಇಟಲಿಯ ಕಲಾವಿದ ಕ್ಯಾಟಲನ್, ಗೋಡೆಗೆ ಟೇಪು ಹಚ್ಚಿ ಅಂಟಿಸಿದ ಬಾಳೆಹಣ್ಣು 2024ರ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತು. ಡಿಜಿಟಲ್ ಆದರೆ ಬಚಾವು ಅಂದುಕೊಳ್ಳುವ ಹಾಗೂ ಇಲ್ಲ: 2021ರಲ್ಲಿ ಬೀಪಲ್ ಎಂಬ ಡಿಜಿಟಲ್ ಕಲಾವಿದನ ಫೈಲೊಂದಕ್ಕೆ 6.9 ಕೋಟಿ ಡಾಲರ್ ಬಂತು. ಅದಕ್ಕೇ ನಾನು ನನ್ನ ಫೈಲನ್ನು ಪೂರ್ಣ ರೆಸಲ್ಯೂಷನ್‌ನಲ್ಲಿ ಕೇಳಿದವರಿಗೆಲ್ಲ ಕಳಿಸುತ್ತೇನೆ. ಫ್ಲೆಕ್ಸ್ ಅಂಗಡಿಯಲ್ಲಿ ಚದರಡಿ ಲೆಕ್ಕದಲ್ಲಿ ಯಾರು ಬೇಕಾದರೂ ಹಾಕಿಸಿಕೊಳ್ಳಬಹುದು. ಚೀಟಿಯ ಫೈಲು ಬೇರೆಯೇ ಇದೆ, ಅದನ್ನೂ ಕೇಳಿ ಪಡೆಯಿರಿ.