ಇವಾನ್ಸ್ ಗ್ಯಾಂಬಿಟ್: ಕೊಟ್ಟ ಪಾನ್ ವಾಪಸ್ ಕೇಳಬೇಡಿ

ಚೆಸ್ ಕಲಿಯಲು ಬರುವವರಿಗೆ ಇವಾನ್ಸ್ ಗ್ಯಾಂಬಿಟ್, ಅಂದರೆ ಶುರುವಿನಲ್ಲೇ ಪಾನ್ (ಕಾಲಾಳು) ಬಲಿಕೊಟ್ಟು ದಾಳಿಗೆ ಇಳಿಯುವ ಆಟ, ತೋರಿಸಿದರೆ ಮರುದಿನವೇ ಆಡಲು ಶುರು ಮಾಡುತ್ತಾರೆ. ಪಾನ್ ಕೊಡುವುದು ಸುಲಭ. ಕೊಟ್ಟ ಮೇಲೆ ಸುಮ್ನೆ ಇರುವುದೇ ಕಷ್ಟ. ಎರಡು ನಡೆಯಾಗುವಷ್ಟರಲ್ಲಿ ಅದನ್ನು ವಾಪಸ್ ತಿನ್ನುವ ಯೋಚನೆ ಬಂದಿರುತ್ತದೆ, ಅಲ್ಲಿಗೆ ದಾಳಿ ಮುಗಿಯಿತು.

ನೀವು ಬಿಳಿ. ನಡೆಗಳು ಹೀಗೆ (ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು; ಮೊದಲು ಬಿಳಿ ನಡೆ, ಆಮೇಲೆ ಕಪ್ಪು): ಇ4 ಇ5, ಕುದುರೆ ಎಫ್3 ಕುದುರೆ ಸಿ6, ಬಿಷಪ್ ಸಿ4 ಬಿಷಪ್ ಸಿ5. ಈಗ ಬಿ4! ಬಿಷಪ್ ಅದನ್ನು ತಿಂದರೆ ಸಿ3. ಬಿಷಪ್ ಮತ್ತೆ ಜಾಗ ಬಿಟ್ಟು ಓಡಬೇಕು, ಅಷ್ಟರಲ್ಲಿ ನೀವು ಡಿ4 ತಳ್ಳುತ್ತೀರಿ. ಪಾನ್ ಕೊಟ್ಟು ಸಮಯ ತೆಗೆದುಕೊಂಡಿರಿ, ಅಷ್ಟೇ. ಇನ್ನೊಂದು ಲಾಭ ಹೆಚ್ಚಿನವರಿಗೆ ಕಾಣುವುದಿಲ್ಲ. ಬಿ ಪಾನ್ ಹೋಗಿದ್ದರಿಂದ ನಿಮ್ಮ ಇನ್ನೊಂದು ಬಿಷಪ್‌ಗೆ ಎ3 ಮನೆ ಸಿಗುತ್ತದೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಅದು ಅಲ್ಲಿಂದ ಎಫ್8ರ ಮೇಲೆ ಕಣ್ಣಿಟ್ಟು ಕೂರುತ್ತದೆ, ಕಪ್ಪು ರಾಜನಿಗೆ ಆ ಕಡೆ ಕ್ಯಾಸ್ಲಿಂಗೇ (ಆನೆಯ ಜೊತೆ ಒಂದೇ ನಡೆಯಲ್ಲಿ ಮೂಲೆಗೆ ಸರಿಯುವುದು) ಇಲ್ಲ.

ಬಿಷಪ್ ಎ5ಕ್ಕೆ ಹೋಯಿತು ಅಂದುಕೊಳ್ಳಿ. ನೀವು ಡಿ4, ಅವರು ತಿಂದರು. ನೀವು ಕ್ಯಾಸ್ಲಿಂಗ್ ಮಾಡಿದಿರಿ, ಅವರು ಸಿ3 ಕೂಡ ತಿಂದರು. ಮೂರು ಪಾನ್ ಕಡಿಮೆ! ಹೆದರಬೇಡಿ, ರಾಣಿಯನ್ನು ಬಿ3ಗೆ ತನ್ನಿ. ಎಫ್7ರ ಮೇಲೆ ಈಗ ರಾಣಿ, ಬಿಷಪ್ ಎರಡೂ ಇವೆ. ಕಪ್ಪು ರಾಣಿ ಎಫ್6ಕ್ಕೆ ಬಂದು ಕಾದರೆ ಇ5 ತಳ್ಳಿ. ಆ ಪಾನನ್ನು ಕುದುರೆ ತಿಂದರೆ ನಿಮ್ಮ ಆನೆ ಇ1ಕ್ಕೆ ಬಂದು ಅದನ್ನು ರಾಜನ ಮುಂದೆಯೇ ಪಿನ್ ಮಾಡುತ್ತದೆ, ಅಂದರೆ ಕುದುರೆ ಕದಲುವ ಹಾಗಿಲ್ಲ.

ಇಷ್ಟು ಆಸೆಬುರುಕರು ಈಗ ಕಡಿಮೆ ಬಿಡಿ. ಹಿಂದಿನ ವಿಶ್ವ ಚಾಂಪಿಯನ್ ಲಾಸ್ಕರ್ ತೋರಿಸಿದ ದಾರಿ ಬೇರೆ: ಡಿ4 ಪಾನ್ ತಿನ್ನದೆ ಡಿ6 ಆಡಿ, ಬಿಷಪ್ ಬಿ6ಕ್ಕೆ ತಂದು, ಪಾನ್ ನಿಮಗೇ ವಾಪಸ್ ಕೊಡುವುದು. ನೀವು ಇ5ರಲ್ಲಿ ತಿಂದು ರಾಣಿಗಳನ್ನು ಬದಲಾಯಿಸಿಕೊಂಡರೆ ಪಾನ್ ಸಿಗುತ್ತದೆ, ಆದರೆ ಉಳಿಯುವುದು ಸಪ್ಪೆ ಎಂಡ್‌ಗೇಮ್. ಅದಕ್ಕೇ ಡಿ6 ಕಂಡ ಕೂಡಲೇ ಕ್ಯಾಸ್ಲಿಂಗ್ ಬದಲು ರಾಣಿ ಬಿ3 ಆಡಿ ಅಂತ ಹೇಳುತ್ತೇನೆ. ಎಫ್7 ಕಾಯಲು ಕಪ್ಪು ರಾಣಿ ಡಿ7ಕ್ಕೆ ಬಂದರೆ ಅವರದೇ ಸಿ8 ಬಿಷಪ್‌ಗೆ ದಾರಿ ಮುಚ್ಚಿತು.

1820ರ ದಶಕದಲ್ಲಿ ವೇಲ್ಸ್‌ನ ಹಡಗಿನ ಕ್ಯಾಪ್ಟನ್ ಒಬ್ಬರು ಕಂಡುಹಿಡಿದ ಆಟ ಇದು. ಹಳೇ ಕಾಲದ್ದು ಅಂತ ಎಲ್ಲರೂ ಬದಿಗಿಟ್ಟಿದ್ದಾಗ 1995ರಲ್ಲಿ ರಿಗಾದಲ್ಲಿ ಕ್ಯಾಸ್ಪರೋವ್ ಇದನ್ನು ಆನಂದ್ ಮೇಲೆ ಆಡಿದರು. ಆನಂದ್ ಬಿಷಪ್ ಇ7ಕ್ಕೆ ಇಳಿಸಿ, ಕುದುರೆಯನ್ನು ಎ5ಕ್ಕೆ ಹಾರಿಸಿ ಸಿ4 ಬಿಷಪ್‌ಗೆ ಗುರಿಯಿಟ್ಟರು. ಕ್ಯಾಸ್ಪರೋವ್ ಗಲಾಟೆಯಿಲ್ಲದೆ ಬಿಷಪ್ಪನ್ನು ಇ2ಕ್ಕೆ ಹಿಂದೆ ತಂದರು! ಕುದುರೆ ಸಿ6 ಬಿಟ್ಟಿತ್ತಲ್ವಾ, ಹಾಗಾಗಿ ಡಿ4ರಲ್ಲಿ ರಾಣಿಯಿಂದಲೇ ತಿಂದು ಜಿ7 ಮೇಲೆ ಒತ್ತಡ ಹಾಕಿದರು. 25 ನಡೆಗೆ ಆಟ ಮುಗಿಯಿತು, ಆನಂದ್ ಕ್ಯಾಸ್ಲಿಂಗ್ ಮಾಡಲೇ ಇಲ್ಲ.

ಬಿ4 ತಿನ್ನದೆ ಬಿಷಪ್ ಬಿ6ಕ್ಕೆ ಸರಿದರೆ? ಎ4 ಆಡಿ. ಎ5, ಆಮೇಲೆ ಸಿ3 ಅಂತ ಬಿಷಪ್ಪನ್ನು ಬಲೆಗೆ ಹಾಕುವ ಬೆದರಿಕೆ ಇದೆ. ಬ್ಲಿಟ್ಜ್ (ಕೆಲವೇ ನಿಮಿಷಗಳ) ಆಟದಲ್ಲಿ ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ.