ಕತ್ತಿ ಕರಗಿಸಿ ಬುದ್ಧನಿಗೆ ಮೊಳೆ

1588ರಲ್ಲಿ ಜಪಾನಿನ ಹಳ್ಳಿಗಳಿಗೆ ಒಂದು ಅಪ್ಪಣೆ ಬಂತು. ರೈತರ ಹತ್ತಿರ ಕತ್ತಿ, ಈಟಿ, ಬಿಲ್ಲು, ಬಂದೂಕು ಏನಿದ್ದರೂ ತಂದೊಪ್ಪಿಸಬೇಕು. ಸುಮ್ನೆ ಕಿತ್ತುಕೊಳ್ಳುತ್ತಿಲ್ಲ, ಕ್ಯೋಟೋದಲ್ಲಿ ಏಳುತ್ತಿರುವ ದೊಡ್ಡ ಬುದ್ಧನಿಗೆ ಈ ಕಬ್ಬಿಣದಿಂದ ಮೊಳೆ, ಕೊಂಡಿ ಮಾಡಿಸುತ್ತೇವೆ, ಕೊಟ್ಟವರಿಗೆ ಇಹದಲ್ಲೂ ಪರದಲ್ಲೂ ಒಳ್ಳೆಯದು ಅಂತ ಅದರಲ್ಲೇ ಬರೆದಿತ್ತು.

ಅಪ್ಪಣೆ ತೊಯೊತೊಮಿ ಹಿದೆಯೋಶಿಯದು. ಅವನೂ ಹಳ್ಳಿಯವನೇ. ಈಗಿನ ನಗೋಯಾ ಕಡೆ, ಹೇಳಿಕೊಳ್ಳುವಂಥ ಮನೆತನವಿಲ್ಲದೆ ಹುಟ್ಟಿದವನು. ಒಡೆಯ ಓದಾ ನೊಬುನಾಗನ ಚಪ್ಪಲಿಯನ್ನು ಚಳಿಯಲ್ಲಿ ಎದೆಗವಚಿ ಬೆಚ್ಚಗಿಡುತ್ತಿದ್ದನಂತೆ. ಕಥೆ ಇರಬಹುದು, ಆದರೆ ಆಳಾಗಿ ಸೇರಿ ದಳಪತಿಯಾದದ್ದು ನಿಜ. 1582ರಲ್ಲಿ ನೊಬುನಾಗ ತನ್ನದೇ ಸರದಾರ ಅಕೆಚಿ ಮಿತ್ಸುಹಿದೆಯ ದ್ರೋಹಕ್ಕೆ ಬಲಿಯಾದ. ಪಶ್ಚಿಮದಲ್ಲಿ ಒಂದು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ ಹಿದೆಯೋಶಿ, ಅವಸರದಲ್ಲಿ ಸಂಧಿ ಮಾಡಿಕೊಂಡು ಓಡಿ ಬಂದ. ಹದಿನೈದು ದಿನದೊಳಗೆ ಮಿತ್ಸುಹಿದೆಯ ಕಥೆ ಮುಗಿದಿತ್ತು. 1590ರ ಹೊತ್ತಿಗೆ ಇಡೀ ದೇಶ ಕೈಯಲ್ಲಿತ್ತು.

ಹಾಗಾದರೆ ರೈತರ ಕತ್ತಿ ಕಂಡರೆ ಯಾಕೆ ಅಷ್ಟು ಭಯ? 1467ರಿಂದ ಶುರುವಾದ ಕಾದಾಟಗಳಲ್ಲಿ ಉಳುವವನೂ ಈಟಿ ಹಿಡಿಯುವವನೂ ಒಬ್ಬನೇ ಆಗಿದ್ದ. 1488ರಲ್ಲಿ ಕಾಗಾ ಸೀಮೆಯ ಜನ ದಂಗೆಯೆದ್ದು ತಮ್ಮ ಒಡೆಯನನ್ನೇ ಮುಗಿಸಿದರು. ಆಮೇಲೆ ಸುಮಾರು 90 ವರ್ಷ ಅಲ್ಲಿ ದಂಗೆಕೋರರದೇ ಕಾರುಬಾರು. ಅದನ್ನು ಮರೆಯುವುದುಂಟಾ?

ಕತ್ತಿಯ ಜೊತೆಗೇ ಗದ್ದೆಗಳ ಅಳತೆಯೂ ನಡೆಯಿತು. ಎಲ್ಲ ಕಡೆ ಒಂದೇ ಸೇರು. ಯಾವ ಗದ್ದೆ ಎಷ್ಟು ಭತ್ತ ಕೊಡುತ್ತೆ, ಉಳುವವರು ಯಾರು, ಎಲ್ಲ ಕಡತಕ್ಕೆ ಏರಿತು. 1591ರಲ್ಲಿ ಇನ್ನೊಂದು ಅಪ್ಪಣೆ: ಸಮುರಾಯಿ ಹಳ್ಳಿಗೆ ಬಂದು ರೈತನಾಗುವ ಹಾಗಿಲ್ಲ, ರೈತ ಗದ್ದೆ ಬಿಟ್ಟು ವ್ಯಾಪಾರಕ್ಕಿಳಿಯುವ ಹಾಗಿಲ್ಲ. ಹತ್ತಿದ ಏಣಿಯನ್ನೇ ಒದ್ದ, ಅಲ್ವಾ? ಅವನು ಗೆದ್ದ ಯುದ್ಧಗಳಿಗಿಂತ ಈ ಕಡತಗಳ ಪ್ರಭಾವವೇ ಜಾಸ್ತಿ ಅಂತ ನನ್ನ ಲೆಕ್ಕ. ಮುಂದೆ ತೊಕುಗಾವ ಮನೆತನದವರು 250 ವರ್ಷಕ್ಕೂ ಹೆಚ್ಚು ಕಾಲ ಆಳಿದ್ದು ಈ ಅಡಿಪಾಯದ ಮೇಲೇ.

ಆದರೆ ಮೊಳೆ ಹೊಡೆದ ಬುದ್ಧ ಬಾಳಲಿಲ್ಲ. 1596ರ ಭೂಕಂಪಕ್ಕೆ ಒಡೆದುಹೋದ. ಎರಡು ಸಲ ಕೊರಿಯಾದ ಮೇಲೆ ಬಿದ್ದು ಆ ನಾಡನ್ನು ಹಾಳುಗೆಡವಿದ ಹಿದೆಯೋಶಿ 1598ರಲ್ಲಿ ಸತ್ತ. ಮಗ ಹಿದೆಯೋರಿ ಇನ್ನೂ ಚಿಕ್ಕ ಹುಡುಗ. 1600ರಲ್ಲಿ ಸೆಕಿಗಹಾರದಲ್ಲಿ ಗೆದ್ದ ತೊಕುಗಾವ ಇಯೆಯಾಸು, 1603ರಲ್ಲಿ ಶೋಗುನ್, ಅಂದರೆ ದೇಶ ಆಳುವ ಸೇನಾಧಿಪತಿ ಆದ.

ಹಿದೆಯೋರಿ ದೊಡ್ಡವನಾಗಿ ಅಪ್ಪನ ದೇವಾಲಯವನ್ನು ಮತ್ತೆ ಕಟ್ಟಿಸಿ, 1614ರಲ್ಲಿ ಭಾರಿ ಗಂಟೆಯೊಂದನ್ನು ಎರಕ ಹೊಯ್ಯಿಸಿದ. ಅದರ ಮೇಲಿನ ಬರಹದಲ್ಲಿ ನಾಡಿಗೆ ನೆಮ್ಮದಿ ಕೋರುವ ನಾಲ್ಕು ಅಕ್ಷರ. ಅವುಗಳಲ್ಲಿ ಇಯೆಯಾಸುವಿನ ಹೆಸರಿನ ಎರಡೂ ಅಕ್ಷರಗಳಿದ್ದವು, ನಡುವೆ ಬೇರೊಂದು ಅಕ್ಷರ. ನನ್ನ ಹೆಸರನ್ನೇ ಎರಡು ತುಂಡು ಮಾಡಿ ಶಾಪ ಹಾಕಿದ್ದೀರಿ ಅಂತ ಇಯೆಯಾಸು ತಗಾದೆ ತೆಗೆದ. ಅದೇ ಚಳಿಗಾಲದಲ್ಲಿ ಒಸಾಕಾ ಕೋಟೆಗೆ ಮುತ್ತಿಗೆ ಬಿತ್ತು. 1615ರಲ್ಲಿ ಕೋಟೆ ಸುಟ್ಟುಹೋಯಿತು, ಹಿದೆಯೋರಿ ಅಲ್ಲೇ ಪ್ರಾಣ ಕಳೆದುಕೊಂಡ.

ಗಂಟೆ ಈಗಲೂ ಕ್ಯೋಟೋದ ಅದೇ ದೇವಾಲಯದಲ್ಲಿ, ಹೊಕೋಜಿಯಲ್ಲಿ, ತೂಗುತ್ತಿದೆ. ನೋಡಲು ಬಂದವರಿಗೆ ಹುಡುಕುವ ಕಷ್ಟ ಬೇಡ ಅಂತ, ಆ ಅಕ್ಷರಗಳಿಗೆ ಬಿಳಿ ಗುರುತು ಹಾಕಿಟ್ಟಿದ್ದಾರೆ.